ಲೈನ್ ತೆಗೀರಿ

ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಅರ್ಧಕ್ಕೇ ಬಿಟ್ಟು ಪುಟ ತಿರುವುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದವನು. ಅಮ್ಮಿ ದರ್ಗಾದಿಂದ ತಂದ ದಾರವನ್ನು ಕಟ್ಟಲು ಬಂದರೆ ನಕ್ಕು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಓಣಿಯಲ್ಲಿ ಯಾರಿಗೋ ಸತ್ತವರು ಕಂಡರಂತೆ, ಹೆಸರು ಹಿಡಿದು ಕರೆದರಂತೆ ಎಂದರೆ, ಹೊಟ್ಟೆ ಕೆಟ್ಟಿರಬೇಕು ಅನ್ನುತ್ತಿದ್ದೆ. ಈಗ ಬರೆಯುತ್ತಿರುವ ಸಂಗತಿಯಲ್ಲಿ ಸತ್ತವರು ಯಾರೂ ಇಲ್ಲ. ನನಗೆ ಹೆಚ್ಚು ಕಷ್ಟವಾಗಿರುವುದೂ ಅದೇ.

ತೊಂಬತ್ತರ ದಶಕದ ಕೊನೆಯ ಮಾತು. ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ನಮ್ಮದು ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಮದುವೆ, ಉರುಸು, ಗಣಪತಿ ಹಬ್ಬ, ಚುನಾವಣೆ ಭಾಷಣ, ಎಲ್ಲದಕ್ಕೂ ನಮ್ಮ ತಂದೆ ಅಬ್ಬಾನ ಸೆಟ್ ಹೋಗುತ್ತಿತ್ತು. ಮೈಕ್ ಪರೀಕ್ಷೆ ಮಾಡುವಾಗ ಅಬ್ಬಾ ಮೊದಲು ಎರಡು ಸಲ ಊದುತ್ತಿದ್ದರು, ಆಮೇಲೆ 'ಹಲೋ' ಎಂದು ಎರಡು ಸಲ. ಎರಡನೆಯದನ್ನು ಸ್ವಲ್ಪ ಎಳೆಯುತ್ತಿದ್ದರು. ಎದೆಯಾಳದಿಂದ ಬರುವ ಗೊಗ್ಗರು ದನಿ. ಮನೆಯಲ್ಲಿ ನಮ್ಮೊಂದಿಗೆ ಅವರು ಆಡುತ್ತಿದ್ದುದು ದಖ್ಖನಿ ಉರ್ದು. ಸ್ಟೇಜ್ ಹತ್ತಿದರೆ ಮಾತ್ರ ಕನ್ನಡ, ಅದೂ ದೊಡ್ಡವರು ಸಣ್ಣವರು ಎನ್ನದೆ ಎಲ್ಲರಿಗೂ 'ರೀ' ಹಚ್ಚಿ. 'ವೈರ್ ತುಳೀಬ್ಯಾಡ್ರಿ', 'ಹಿಂದ ಸರೀರಿ', 'ಲೈನ್ ತೆಗೀರಿ'. ಲೈನ್ ತೆಗೀರಿ ಅಂದರೆ ಮೇನ್ ಸ್ವಿಚ್ ಬಂದ್ ಮಾಡಿ ಎಂದರ್ಥ.

ನಾನು ಹೇಳುತ್ತಿರುವ ದಿನಕ್ಕೆ ಎರಡು ವರ್ಷ ಮೊದಲು ಅವರ ಗಂಟಲಲ್ಲಿ ಗಡ್ಡೆಯಾಯಿತು. ಆಪರೇಶನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು ಉಳಿಯಿತು. ಪಿಸುಮಾತು ಕೂಡ ಹೊರಡುತ್ತಿರಲಿಲ್ಲ. ಹೇಳಬೇಕಾದ್ದನ್ನು ಪಾಟಿಯ ಮೇಲೆ ಬಳಪದಿಂದ ಬರೆದು ತೋರಿಸುತ್ತಿದ್ದರು. ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಕಲಿತಿದ್ದರಿಂದ ಬರೆಯುವುದು ಕನ್ನಡದಲ್ಲಿಯೇ. ಅಂಗಡಿ ನನ್ನ ಕೈಗೆ ಬಂತು.

ಇನ್ನು ನನ್ನ ಹುಚ್ಚಿನ ಮಾತು. ದೇಶಪಾಂಡೆ ನಗರದ ವಿನಾಯಕ ನನ್ನ ಡಿಪ್ಲೊಮಾ ಗೆಳೆಯ. ಅವನು ಒಂದು ದಿನ ರಿಪೇರಿಗೆಂದು ಟೇಪ್‌ರೆಕಾರ್ಡರ್ ತಂದುಕೊಟ್ಟ. ಒಳಗೆ ಒಂದು ಕ್ಯಾಸೆಟ್ ಸಿಕ್ಕಿಕೊಂಡಿತ್ತು. ಬೆಂಗಳೂರಿನ 'ಮಡ್ ರೋಡ್' ಎಂಬ ರಾಕ್ ತಂಡದ್ದು, ಅವರೇ ಖರ್ಚು ಹಾಕಿ ಮಾಡಿಸಿದ್ದು. ಬಿಡಿಸಿ, ಸರಿಯಾಯಿತೋ ಇಲ್ಲವೋ ನೋಡಲು ಹಾಕಿದೆ. ಆ ದಿನ ಅಂಗಡಿಯಲ್ಲಿ ಬೇರೆ ಕೆಲಸವೇ ಆಗಲಿಲ್ಲ. ಹಾಡುಗಾರ ನೋಯೆಲ್ ಎನ್ನುವವನು ಕಿರುಚುತ್ತಿದ್ದನೋ ಅಳುತ್ತಿದ್ದನೋ ಗೊತ್ತಾಗುತ್ತಿರಲಿಲ್ಲ, ಆದರೆ ಅವನು ಕಿರುಚುತ್ತಿದ್ದುದು ನನ್ನ ಪರವಾಗಿ ಅನ್ನಿಸುತ್ತಿತ್ತು. ಮನೆಯಲ್ಲಿ ಒಬ್ಬರು ದನಿ ಕಳೆದುಕೊಂಡು ಕೂತಿದ್ದಾಗ ನಾವು ಉಳಿದವರೂ ಮೆಲ್ಲಗೆ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದೆವು. ಅರ್ಧಂಬರ್ಧ ತಿಳಿಯುವ ಆ ಇಂಗ್ಲಿಷ್ ಹಾಡುಗಳನ್ನು ಕನ್ನಡ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಸಿ ಬಾಯಿಪಾಠ ಮಾಡಿದೆ. ಕ್ಯಾಸೆಟ್ಟಿನ ಮೇಲಿದ್ದ ವಿಳಾಸಕ್ಕೆ ಪತ್ರ ಬರೆದೆ. ನೋಯೆಲ್‌ನದೇ ನಾಲ್ಕು ಸಾಲಿನ ಪೋಸ್ಟ್‌ಕಾರ್ಡ್ ಬಂತು. ಅದನ್ನು ಎಷ್ಟು ಜನರಿಗೆ ತೋರಿಸಿದೆನೋ ಲೆಕ್ಕವಿಲ್ಲ.

ಅಂಥ ತಂಡ ಹುಬ್ಬಳ್ಳಿಗೆ ಬರುತ್ತದೆ, ಗೋಕುಲ ರಸ್ತೆಯ ಆಚೆ ಒಂದು ಮೈದಾನದಲ್ಲಿ ಕಾರ್ಯಕ್ರಮ, ನಡೆಸುವವರಲ್ಲಿ ವಿನಾಯಕನೂ ಒಬ್ಬ, ಮೈಕ್‌ಸೆಟ್ ನಮ್ಮದೇ ಎಂದು ಗೊತ್ತಾದಾಗ ನನಗೆ ಖುಷಿಗಿಂತ ಮೊದಲು ಹೆದರಿಕೆಯಾಯಿತು. ಭಾಷಣ, ಭಜನೆಗೆ ಹಚ್ಚುವ ಸೆಟ್ಟಿನಲ್ಲಿ ಅವರು ಹಾಡಬೇಕು! ಒಂದು ವಾರ ಸರಿಯಾಗಿ ನಿದ್ದೆ ಬರಲಿಲ್ಲ. ಸ್ಪೀಕರ್ ಸೀಳಿದಂತೆ, ನೋಯೆಲ್ ಬಾಯಿ ಆಡಿಸುತ್ತಿದ್ದರೂ ದನಿ ಬಾರದಂತೆ ಕನಸು ಬೀಳುತ್ತಿತ್ತು.

ಆ ದಿನ ಮಧ್ಯಾಹ್ನ ಅವರು ವ್ಯಾನಿನಲ್ಲಿ ಬಂದಿಳಿದರು. ನೋಯೆಲ್ ನಾನಂದುಕೊಂಡದ್ದಕ್ಕಿಂತ ಕುಳ್ಳ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅವನು ಯಾವಾಗಲೂ ಬರಿಗಾಲಲ್ಲಿ ಹಾಡುತ್ತಾನೆ ಎಂದು ವಿನಾಯಕ ಹೇಳಿದ. ಪೋಸ್ಟ್‌ಕಾರ್ಡಿನ ಮಾತು ತೆಗೆಯಬೇಕೆಂದು ಎರಡು ಸಲ ಹತ್ತಿರ ಹೋಗಿ, ಬಾಯಿ ಬಾರದೆ, ವೈರ್ ಸರಿಮಾಡುವವನಂತೆ ಬಗ್ಗಿ ವಾಪಸು ಬಂದೆ. ಅವರು ಗಿಟಾರು, ಡ್ರಮ್ಮು ಎಲ್ಲವನ್ನೂ ನುಡಿಸಿ ನೋಡಿದರು. ಎಲ್ಲವೂ ಸರಿಯಾಗಿತ್ತು.

ನಾಲ್ಕು ಗಂಟೆಗೆ ಮಳೆ ಹನಿಯಿತು, ಕರೆಂಟ್ ಹೋಯಿತು. ಬಾಡಿಗೆಯ ಜನರೇಟರ್ ಚಾಲೂ ಮಾಡಿದರು. ನೋಯೆಲ್‌ನ ಗಿಟಾರಿಗೆ ಲೈನ್ ಕೊಡುತ್ತಿದ್ದ ಬೋರ್ಡಿನ ಪ್ಲಗ್ ಜನರೇಟರಿನ ಸಾಕೆಟ್ಟಿಗೆ ಕೂಡಲಿಲ್ಲ. ನಾನು ಹಳೆಯದನ್ನು ಕತ್ತರಿಸಿ ಹೊಸ ಪ್ಲಗ್ ಹಾಕಿದೆ. ಮೈದಾನ ತುಂಬುತ್ತಿತ್ತು. ವಿನಾಯಕ ಮೇಲಿಂದ ಮೇಲೆ ಬಂದು 'ಲಗೂ ಮಾಡೋ, ಲಗೂ ಮಾಡೋ' ಅನ್ನುತ್ತಿದ್ದ. ಹಾಕಿ, ಟೇಪ್ ಸುತ್ತಿ, ಎದ್ದೆ. ಟೆಸ್ಟರ್ ಜೇಬಿನಲ್ಲಿಯೇ ಇತ್ತು. ತೆಗೆಯಲಿಲ್ಲ.

ಐದೂವರೆ. ಮಳೆ ನಿಂತು ಬಿಸಿಲು ಬಂದಿತ್ತು, ಸಂಜೆಯ ಹಳದಿ ಬಿಸಿಲು. ಇದನ್ನು ಏಕೆ ಹೇಳುತ್ತೇನೆಂದರೆ ಕತ್ತಲಲ್ಲಿ ಏನೋ ಕಂಡೆ, ಏನೋ ಕೇಳಿದೆ ಎಂದು ನೀವು ತಿಳಿಯಬಾರದು. ಸ್ಟೇಜಿನ ಹಲಗೆಗಳು ಇನ್ನೂ ಒದ್ದೆಯಾಗಿದ್ದವು. ನಾನು ಪಕ್ಕದಲ್ಲಿ ಆಂಪ್ಲಿಫೈಯರ್ ಮುಂದೆ, ಮೇನ್ ಸ್ವಿಚ್ಚಿಗೆ ಎರಡು ಮೊಳ ದೂರದಲ್ಲಿ ನಿಂತಿದ್ದೆ. ಡ್ರಮ್ಮಿನವನು, ಇನ್ನಿಬ್ಬರು ಬಂದು ತಮ್ಮ ತಮ್ಮ ಜಾಗ ಹಿಡಿದರು. ಕೊನೆಗೆ ನೋಯೆಲ್ ಗಿಟಾರ್ ತೂಗುಹಾಕಿಕೊಂಡು ಬರಿಗಾಲಲ್ಲಿ ಬಂದ. ಮಂದಿ ಸಿಳ್ಳೆ ಹೊಡೆಯಿತು. ಅವನ ಗಿಟಾರಿಗೆ ಸಿಕ್ಕಿಸಬೇಕಾದ ವೈರಿನ ತುದಿ ಹಲಗೆಯ ಮೇಲೆ ಬಿದ್ದಿತ್ತು. ಅವನು ಮೈಕ್ ಇನ್ನೂ ಮುಟ್ಟಿರಲಿಲ್ಲ. ಮೈಕಿನ ಸನಿಹ ಯಾರೂ ಇರಲಿಲ್ಲ.

ಆಗ ನಮ್ಮ ಸ್ಪೀಕರುಗಳಲ್ಲಿ ಯಾರೋ ಎರಡು ಸಲ ಊದಿದರು.

ಆಮೇಲೆ 'ಹಲೋ'. ಇನ್ನೊಮ್ಮೆ 'ಹಲೋ', ಎಳೆದು. ಆಮೇಲೆ, ಅವಸರವಿಲ್ಲದೆ, 'ಲೈನ್ ತೆಗೀರಿ'.

ಅದು ಅಬ್ಬಾನ ದನಿ. ಅಬ್ಬಾನ ದನಿಯಂತೆ ಇತ್ತು ಎಂದು ಬರೆದರೆ ಸುಳ್ಳಾಗುತ್ತದೆ. ನಾನು ವಿಚಾರ ಮಾಡಲಿಲ್ಲ. ಚಿಕ್ಕಂದಿನಿಂದ ಆ ಮಾತು ಕಿವಿಗೆ ಬಿದ್ದ ಕೂಡಲೇ ಕೈ ಮೇನ್ ಸ್ವಿಚ್ಚಿಗೆ ಹೋಗಿ ಅಭ್ಯಾಸ. ಹಿಡಿ ಕೆಳಗೆ ಎಳೆದೆ. ಎಲ್ಲ ಬಂದಾಯಿತು. ನೋಯೆಲ್ ವೈರಿನ ತುದಿಗೆ ಕೈಚಾಚಿ ಬಗ್ಗಿದ್ದವನು ಹಾಗೇ ತಲೆಯೆತ್ತಿ ನೋಡಿದ.

ಮಂದಿ ಒದರತೊಡಗಿತು. ವಿನಾಯಕ ಓಡಿಬಂದು ನನ್ನ ತೋಳು ಹಿಡಿದ. 'ಯಾಕೋ, ಏನಾತೋ? ಯಾಕ ಬಂದ್ ಮಾಡ್ದಿ?'

'ನೀ ಕೇಳಿಲ್ಲೇನು?' ಅಂದೆ.

'ಏನ್ ಕೇಳೋದು? ಮಂದಿ ಬೈಯಾಕತ್ತೈತಿ, ಅದನ್ನ ಕೇಳಾಕತ್ತೇನಿ. ಮೊದಲ ಚಾಲೂ ಮಾಡು!'

ಮೈಕಿನ ಕಡೆ ನೋಡಿದೆ. ಅದು ಸುಮ್ಮನೆ ನಿಂತಿತ್ತು. ಕೇಳಿದ್ದನ್ನು ಹೇಳಿದರೆ ಅವನು ನನ್ನನ್ನು ಆಚೆ ತಳ್ಳಿ ತಾನೇ ಸ್ವಿಚ್ ಹಾಕುತ್ತಾನೆ ಎನ್ನಿಸಿತು. 'ಎರಡ ಮಿನಿಟು ಕೊಡು, ಎಲ್ಲಾರನ್ನೂ ಸ್ಟೇಜಿನಿಂದ ಇಳಿಸು' ಎಂದೆ. ನನ್ನ ಮುಖ ನೋಡಿ ಅವನೂ ಹೆದರಿರಬೇಕು, ಇಳಿಸಿದ. ಲೈನ್ ಕೊಟ್ಟು, ಸ್ಟೇಜಿನ ಮೇಲೆ ಹೋಗಿ, ಕೆಳಗೆ ಬಿದ್ದಿದ್ದ ಆ ತುದಿಯ ಕಬ್ಬಿಣಕ್ಕೆ ಟೆಸ್ಟರ್ ಹಚ್ಚಿದೆ. ಟೆಸ್ಟರಿನ ದೀಪ ಝಗ್ಗನೆ ಹೊತ್ತಿತು.

ನೋಯೆಲ್ ಮೆಟ್ಟಿಲ ಬಳಿ ನಿಂತು ಅದನ್ನು ನೋಡಿದ. 'ಏನ್ ಗುರು ಅದು? ಶಾಕಾ?' ಎಂದ. ನಾನು ಹೌದೆಂದು ತಲೆಯಾಡಿಸಿದೆ. ಅವನು ತನ್ನ ಪಾದಗಳನ್ನು ನೋಡಿಕೊಂಡ, ಒದ್ದೆ ಹಲಗೆ ನೋಡಿದ, ಮೆಟ್ಟಿಲ ಮೇಲೆಯೇ ಕೂತುಬಿಟ್ಟ. ಆಮೇಲೆ ಯಾರಿಗೋ 'ನನ್ ಶೂ ಕೊಡೋ' ಎಂದು ಹೇಳಿದ್ದು ಕೇಳಿಸಿತು.

ಮತ್ತೆ ಲೈನ್ ತೆಗೆದು ಪ್ಲಗ್ ಬಿಚ್ಚಿ ನೋಡಿದೆ. ಕೆಂಪು ವೈರಿನ ಒಂದೇ ಒಂದು ಎಳೆ ಎದ್ದು ಅರ್ಥಿಂಗಿನ ಸ್ಕ್ರೂಗೆ ತಾಗಿ, ಕರೆಂಟು ಗಿಟಾರಿನ ವೈರಿನ ಕಬ್ಬಿಣದವರೆಗೂ ಹರಿದಿತ್ತು. ಜನರೇಟರಿನ ಅರ್ಥಿಂಗ್ ವೈರನ್ನು ನೆಲಕ್ಕೆ ಹೂಳಿರಲೇ ಇಲ್ಲ. ಎರಡನೆಯದನ್ನು ಎಲ್ಲರಿಗೂ ಹೇಳಿದೆ. ಮೊದಲನೆಯದನ್ನು ಯಾರಿಗೂ ಹೇಳಲಿಲ್ಲ. ಅದು ನನ್ನ ಕೈಯ ತಪ್ಪು ಎಂದು ಈ ಪುಟದಲ್ಲಿಯೇ ಮೊದಲ ಬಾರಿ ಒಪ್ಪುತ್ತಿದ್ದೇನೆ.

ಕಾರ್ಯಕ್ರಮ ನಡೆಯಿತು. ಛಲೋ ಆಯಿತಂತೆ. ಆಯಿತಂತೆ ಎನ್ನುತ್ತೇನೆ, ಏಕೆಂದರೆ ಒಂದು ತಾಸು ನನ್ನ ನೆಚ್ಚಿನ ತಂಡ ನನ್ನಿಂದ ಹತ್ತು ಅಡಿ ದೂರದಲ್ಲಿ, ನನ್ನ ಸ್ಪೀಕರುಗಳಲ್ಲಿ ಹಾಡಿದರೂ ನಾನು ಒಂದು ಹಾಡನ್ನೂ ಕೇಳಲಿಲ್ಲ. ಬಾಯಿಪಾಠ ಬರುತ್ತಿದ್ದ ಹಾಡುಗಳು ಯಾವುವು ಬಂದವು, ಯಾವುವು ಬರಲಿಲ್ಲ ಎಂದು ಕೂಡ ಹೇಳಲಾರೆ. ಕೈ ಮೇನ್ ಸ್ವಿಚ್ಚಿನ ಮೇಲಿಟ್ಟು, ಇನ್ನೊಮ್ಮೆ ಆ ದನಿ ಬರುತ್ತದೋ ಎಂದು ಕಿವಿಗೊಟ್ಟು ನಿಂತಿದ್ದೆ. ಹೋಗುವಾಗ ನೋಯೆಲ್ ಬಂದು ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡ. 'ಹೆಂಗ್ ಗೊತ್ತಾಯ್ತು ನಿಂಗೆ?' ಎಂದು ಕೇಳಿದ. ನನಗೆ ಅವನ ಮುಖ ನೋಡಲಾಗಲಿಲ್ಲ. ಪೋಸ್ಟ್‌ಕಾರ್ಡಿನ ಮಾತು ಹೇಳದೇ ಉಳಿಯಿತು.

ಮನೆಗೆ ಬರುವ ದಾರಿಯುದ್ದಕ್ಕೂ ಒಂದೇ ಭಯ. ಅಬ್ಬಾಗೆ ಏನಾದರೂ ಆಗಿರಬೇಕು, ಅದಕ್ಕೇ ಕೇಳಿಸಿದೆ ಎಂದು. ನಂಬದವನು ಎಷ್ಟು ಬೇಗ ನಂಬುತ್ತಾನೆ ನೋಡಿ. ಓಣಿಯ ತಿರುವಿನಲ್ಲಿ ಮನೆ ಮುಂದೆ ಮಂದಿ ನೆರೆದಿದ್ದಾರೆಯೇ ಎಂದು ಮೊದಲು ಇಣುಕಿದೆ. ಯಾರೂ ಇರಲಿಲ್ಲ. ಅಬ್ಬಾ ಕಟ್ಟೆಯ ಮೇಲೆ ಕೂತು ಗಂಜಿ ಕುಡಿಯುತ್ತಿದ್ದರು. ಸಂಜೆಯೆಲ್ಲ ಏನು ಮಾಡಿದರು ಎಂದು ಅಮ್ಮಿಯನ್ನು ಕೇಳಿದೆ. ಮಲಗಿದ್ದರು, ಎದ್ದರು, ಮತ್ತೇನು ಮಾಡುತ್ತಾರೆ ಎಂದು ಅಮ್ಮಿ ನನ್ನನ್ನೇ ವಿಚಿತ್ರವಾಗಿ ನೋಡಿದಳು.

ಎಂಟು ದಿನ ಹೇಳಲಿಲ್ಲ. ಒಂಬತ್ತನೆಯ ದಿನ, ಅಂಗಡಿಯಲ್ಲಿ ಇಬ್ಬರೇ ಇದ್ದಾಗ ಅಬ್ಬಾಗೆ ಎಲ್ಲವನ್ನೂ ಹೇಳಿದೆ, ಆ ಒಂದು ಎಳೆಯ ಮಾತು ಬಿಟ್ಟು. ಬೈಯುತ್ತಾರೆ, ಇಲ್ಲ ನಗುತ್ತಾರೆ ಎಂದುಕೊಂಡಿದ್ದೆ. ಅವರು ಪಾಟಿ ತೆಗೆದುಕೊಂಡು ಬರೆದರು: 'ದನಿ ಹೆಂಗಿತ್ತು?'

'ಮೊದಲಿನಂಗ ಇತ್ತು' ಎಂದೆ. ಯಾಕೋ ನಾನೂ ಕನ್ನಡದಲ್ಲೇ ಹೇಳಿದೆ.

ಅವರು ಪಾಟಿ ಒರೆಸಿದರು. ಕಣ್ಣು ತುಂಬಿತ್ತು. ಅವರ ದನಿಯ ಒಂದು ರೆಕಾರ್ಡೂ ನಮ್ಮ ಬಳಿ ಇರಲಿಲ್ಲ ಎಂಬುದು ಆಗ ನನಗೆ ಹೊಳೆಯಿತು. ಇಡೀ ಊರಿಗೆ ಮೈಕ್ ಹಚ್ಚಿದ ಮನುಷ್ಯ.

ವಿನಾಯಕನ ಹತ್ತಿರ ಮುಂದೆ ಒಮ್ಮೆ ಬಾಯಿಬಿಟ್ಟೆ. ಅವನು ಬುದ್ಧಿವಂತ. 'ನಿನಗ ಒಳಗ ಎಲ್ಲೋ ಅನುಮಾನ ಇತ್ತಪಾ. ಮನಸ್ಸ ಅದನ್ನ ಅಪ್ಪನ ದನಿಯೊಳಗ ಹೇಳೇತಿ, ಅಷ್ಟ' ಎಂದ. ಇರಬಹುದು. ನನಗೂ ಬಹಳ ದಿನ ಅದೇ ಸರಿಯೆನ್ನಿಸಿತ್ತು. ಆದರೆ ನನ್ನ ಮನಸ್ಸೇ ಹೇಳಿದ್ದರೆ ನನ್ನ ಹೆಸರು ಹಿಡಿದು ಹೇಳಬೇಕಿತ್ತು, ನಮ್ಮ ಮನೆಯ ಮಾತಿನಲ್ಲಿ ಹೇಳಬೇಕಿತ್ತು. ಸ್ಟೇಜಿನ ಮೇಲೆ ಎಲ್ಲರಿಗೂ ಕೂಗಿ ಹೇಳುವುದು ಬೇರೆ, ಅಬ್ಬಾ ನನಗೊಬ್ಬನಿಗೇ ಒಂದು ದಿನವೂ 'ರೀ' ಅಂದವರಲ್ಲ.

ಅದೇ ವಿನಾಯಕ ಆ ದಿನ ಮುಂದಿನ ಸಾಲಿನಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಕಾರ್ಯಕ್ರಮವನ್ನು ರೆಕಾರ್ಡ್ ಮಾಡಿಸಿದ್ದ. ಕೆಲವು ತಿಂಗಳ ಮೇಲೆ ಅದರ ಪ್ರತಿಯೊಂದನ್ನು ತಂದುಕೊಟ್ಟ. ಅಂಗಡಿಯ ಬಾಗಿಲು ಅರ್ಧ ಎಳೆದು ಕ್ಯಾಸೆಟ್ ಹಾಕಿದೆ. ಸಿಳ್ಳೆ, ಕೇಕೆ, ಯಾರೋ ಯಾರನ್ನೋ ಕರೆಯುವುದು, ಆಮೇಲೆ ಮಂದಿ ಬೈಯುವುದು. ಅಷ್ಟೇ. ಮತ್ತೇನೂ ಇಲ್ಲ. ನನಗೆ ಸಮಾಧಾನವಾಯಿತೋ ನಿರಾಸೆಯಾಯಿತೋ ಈಗ ಹೇಳುವುದು ಕಷ್ಟ.

ಅಬ್ಬಾ ಯಾವಾಗ ಒಳಗೆ ಬಂದು ನಿಂತಿದ್ದರೋ ಗೊತ್ತಿಲ್ಲ. ನನ್ನನ್ನು ಸರಿಸಿ ಸ್ಟೂಲಿನ ಮೇಲೆ ಕೂತರು. ತಾವೇ ಕ್ಯಾಸೆಟ್ ಹಿಂದಕ್ಕೆ ಓಡಿಸಿ, ಸ್ಪೀಕರಿಗೆ ಕಿವಿ ಹಚ್ಚಿ ಕೇಳಿದರು. ಮತ್ತೆ ಹಿಂದಕ್ಕೆ ಓಡಿಸಿದರು. ಮೂರು ಸಲ ಆಯಿತು. ಮೂರೂ ಸಲ ಒಂದೇ ಜಾಗದಲ್ಲಿ, ಮಂದಿ ಬೈಯುವುದಕ್ಕಿಂತ ತುಸು ಮೊದಲು, ನಿಲ್ಲಿಸಿದರು. ಮೂರನೆಯ ಸಲ ಅವರ ತುಟಿಗಳು ಸ್ವಲ್ಪ ಅಲುಗಿದವು. ಆಮೇಲೆ ಟೇಪ್ ಬಂದ್ ಮಾಡಿ, ನನ್ನ ಕಡೆ ನೋಡದೆ, ನಮಾಜಿಗೆ ಹೊತ್ತಾಯಿತೆಂದು ಸನ್ನೆ ಮಾಡಿ ಎದ್ದುಹೋದರು. ಪಾಟಿ ಮೇಜಿನ ಮೇಲೆಯೇ ಇತ್ತು. ಅವರು ಅದನ್ನು ಮುಟ್ಟಿರಲಿಲ್ಲ.

ನಿಮಗೇನು ಕೇಳಿಸಿತು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಮುಂದೆ ನಾಲ್ಕು ವರ್ಷ ಅವರು ನಮ್ಮ ನಡುವೆ ಇದ್ದರು. ದಿನವೂ ಕೇಳಬಹುದಿತ್ತು. ಕೇಳಲಿಲ್ಲ.