ಸೀಗಡಿಗೆ ಹಾಕಿದ ಹೀರೇಕಾಯಿ

ನಮ್ಮ ಅತ್ತೆಯವರಿಗೆ ಸೀಗಡಿ ಅಂದರೆ ಮೈಲಿಗೆ. ಆದರೆ ನಮ್ಮೂರು ಸಂಶಿಯಲ್ಲಿ ಅವರು ಹುಟ್ಟಿದಾಗಿನಿಂದ ಕುಡಿದದ್ದು ಕೆರೆಯ ನೀರು, ಸೀಗಡಿ ಇದ್ದದ್ದೂ ಅದೇ ನೀರಿನಲ್ಲಿ. ನೀರು ಸೋಸಿದ ಅರಿವೆಯನ್ನು ಹಿತ್ತಲಿಗೆ ಝಾಡಿಸಿ, ಸೋಸಿದ ನೀರನ್ನು ಪೂಜೆಗೆ ಇಡುತ್ತಿದ್ದರು. ಎಂಬತ್ತರ ದಶಕದ ನಡುವೆ ಆ ಮನೆಗೆ ಸೊಸೆಯಾಗಿ, ಊರ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದವಳು ನಾನು. ಅರಿವೆಯಲ್ಲಿ ಸಿಕ್ಕ ನಾಲ್ಕು ಸೀಗಡಿಗಳನ್ನು ಗಾಜಿನ ಭರಣಿಗೆ ಹಾಕಿ ಹಿತ್ತಲ ಕಟ್ಟೆಯ ಮೇಲಿಟ್ಟೆ. ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದರು.

ಸಂತೆಯಿಂದ ತಂದ ಪಾಲಕ್ ಹಾಕಿದಾಗ ಒಂದು ಸತ್ತಿತು. ಹೊಲದಲ್ಲಿ ಔಷಧ ಹೊಡೆದ ಸೊಪ್ಪು ಅದು. ಆಮೇಲೆ ಉಳಿದ ಮೂರಕ್ಕೆ ನನ್ನ ಹಿತ್ತಲಿನದೇ ಊಟ. ಬಚ್ಚಲ ಬಾಜು ಹೀರೇಬಳ್ಳಿ ಹಬ್ಬಿಸಿದೆ. ತೆಳ್ಳಗೆ ಕೊಯ್ದ ಹೋಳನ್ನು ಹಂಡೆಯ ಬಿಸಿನೀರಿನಲ್ಲಿ ಅದ್ದಿ ಆರಿಸಿ ಬಿಟ್ಟರೆ ತಳಕ್ಕೆ ಇಳಿಯುತ್ತಿತ್ತು. ಮೂರೂ ಅದರ ಮೇಲೆ ಕುಳಿತು, ಪುಟ್ಟ ಮುಂಗಾಲುಗಳಿಂದ ಚೂರು ಚೂರೇ ಕಿತ್ತು ಬಾಯಿಗಿಡುತ್ತಿದ್ದವು. ನೋಡುತ್ತ ನಿಂತರೆ ನನಗೆ ಶಾಲೆಗೆ ಹೊತ್ತಾಗುತ್ತಿತ್ತು. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

"ಮನಷ್ಯಾರು ತಿನ್ನೂ ಹೀರಿಕಾಯಿ ಹುಳಕ್ಕ ಹಾಕ್ತಿಯೇನು?" ಅಂದರು ಅತ್ತೆ.

"ನನ್ನ ಪಾಲಿಂದು ಹಾಕೇನ್ರಿ," ಅಂದೆ.

ಒಂದು ಮುಂಜಾನೆ ಭರಣಿಯಲ್ಲಿ ಒಂದು ಸೀಗಡಿ ಚಿಪ್ಪು ಕಳಚಿತ್ತು. ತಲೆ, ಕಾಲು, ಮೀಸೆ ಸಮೇತ ಪೂರಾ ಚಿಪ್ಪು. ಶಾಲೆಯ ಮಕ್ಕಳಿಗೆ ತೋರಿಸೋಣ ಅಂತ ತೆಗೆದು ಕಟ್ಟೆಯ ಮೇಲೆ ಒಣಗಲು ಇಟ್ಟೆ. ಅದೇ ತಪ್ಪಾಯಿತು. ಕಳಚಿದ ಮೇಲೆ ಮೈ ಮೆತ್ತಗಿರುವುದರಿಂದ ಆ ಸೀಗಡಿ ಹೀರೇಕಾಯಿ ಹೋಳಿನ ಕೆಳಗೆ ಅಡಗಿತ್ತು. ಅತ್ತೆಗೆ ಕಂಡದ್ದು ಭರಣಿಯಲ್ಲಿ ಎರಡು, ಕಟ್ಟೆಯ ಮೇಲೆ ಸುಲಿದ ಸಿಪ್ಪೆ. ಮೀನು ಮಾಂಸ ಕಣ್ಣಿಂದಲೂ ನೋಡದ ಮನೆತನ. ಸೊಸೆ ಸುಲಿದು ತಿಂದಳು ಅಂತ ತೀರ್ಮಾನಿಸಿಯೇಬಿಟ್ಟರು.

"ಅದು ಹಾವು ಪೊರಿ ಬಿಟ್ಟಂಗ್ರಿ," ಅಂದೆ.

"ನಾಳೆ ಹಾವೂ ಸಾಕು," ಅಂದರು. "ಕೊರಳಾಗಿನ ಲಿಂಗಾ ಮುಟ್ಟಿ ಹೇಳು, ತಿಂದಿಲ್ಲಂತ."

"ಮುಟ್ಟೂದಿಲ್ರಿ. ತಿಂದಿಲ್ಲ ಅಂದೆ, ಅಷ್ಟ ಸಾಕು."

ಆಣೆ ಮಾಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನ ಮಾತಿಗೆ ಬೆಲೆಯಿಲ್ಲದ ಮೇಲೆ ಆಣೆಗೆ ಎಲ್ಲಿಂದ ಬರಬೇಕು? ಅಂದಿನಿಂದ ಅತ್ತೆ ಒಲೆಯ ಹತ್ತಿರ ನನ್ನನ್ನು ಬಿಡಲಿಲ್ಲ. ನಾನು ತುಂಬಿದ ನೀರನ್ನೂ ಮುಟ್ಟಲಿಲ್ಲ. ಮರುದಿನ ಮೂರೂ ಸೀಗಡಿ ತೋರಿಸಿದರೆ, ಕೆರೆಯಿಂದ ಇನ್ನೊಂದು ತಂದಿದ್ದೀ ಅಂದರು. ನನ್ನ ಯಜಮಾನರು ತಲೆ ತಗ್ಗಿಸಿ ತಾಯಿ ಬಡಿದ ರೊಟ್ಟಿ ತಿಂದು ಸೊಸೈಟಿ ಕೆಲಸಕ್ಕೆ ಹೋಗುತ್ತಿದ್ದರು. ನನಗೆ ಅಳು ಬರುತ್ತಿತ್ತು, ಅವರಿಬ್ಬರ ಮುಂದೆ ಅಳಲಿಲ್ಲ. ದಿನಾ ಎಲ್ಲರೂ ನೋಡುವಂತೆಯೇ ಹೀರೇಕಾಯಿ ಕೊಯ್ದು ಹಾಕಿದೆ.

ಎರಡು ವಾರದ ಮೇಲೆ, ಭಾನುವಾರ, ಅತ್ತೆ ಪಾತ್ರೆ ತಿಕ್ಕುತ್ತ ಕಟ್ಟೆಯ ಹತ್ತಿರ ಕುಳಿತಿದ್ದರು. ಭರಣಿಯಲ್ಲಿ ಒಂದು ಸೀಗಡಿ ಬಾಗಿ, ಕೊಸರಾಡಿ, ಅವರ ಕಣ್ಣೆದುರೇ ಚಿಪ್ಪಿನಿಂದ ಚಿಮ್ಮಿ ಹೊರಬಂತು. ಅತ್ತೆಯ ಕೈಯಲ್ಲಿ ತಿಕ್ಕುವ ಬೂದಿ ಹಾಗೇ ಇತ್ತು. ಬಹಳ ಹೊತ್ತು ನೋಡಿದರು.

"ಇವತ್ತ ರೊಟ್ಟಿ ನೀನ ಬಡಿ," ಅಂದರು.

"ಮೊದಲ ನಾ ತಿಂದಿಲ್ಲಂತ ನಿಮ್ಮ ಬಾಯಿಲೆ ಹೇಳ್ರಿ."

ಊಟಕ್ಕೆ ಕೂತಾಗ ಅವರು ಮಗನಿಗೆ ಹೇಳಿದರು: "ಆಕಿ ತಿಂದಿಲ್ಲಪ. ನಂದ ತಪ್ಪಾತು."

"ನನಗ ಮೊದಲ ಗೊತ್ತಿತ್ತು," ಅಂದರು ನನ್ನ ಯಜಮಾನರು.

ಅತ್ತೆಯನ್ನು ಆ ಗಳಿಗೆಯಲ್ಲೇ ಕ್ಷಮಿಸಿದೆ. ಅವರ ತಾಟಿಗೆ ಬಿಸಿ ರೊಟ್ಟಿ ಹಾಕಿದೆ. ಇವರ ತಾಟಿಗೆ ಹಾಕಲಿಲ್ಲ.