ಹಬ್ಬ ಮುಗಿದ ಮೇಲೆ ಬಂದ ಮೂರು ಮರಗಳು

ಜನವರಿ ಮೊದಲ ವಾರ. ಕೊಚ್ಚಿಯ ಕಾಕ್ಕನಾಡಿನ ರಸ್ತೆ ಬದಿಯ ನರ್ಸರಿಯಲ್ಲಿ ಮೂರು ಕ್ರಿಸ್‌ಮಸ್ ಮರಗಳು ಕಕ್ಕಸಿನ ಗೋಡೆಗೆ ಒರಗಿ ನಿಂತಿದ್ದವು. ಹಬ್ಬ ಮುಗಿದಿತ್ತು, ಕೇಳುವವರಿರಲಿಲ್ಲ. ಒಂದರ ಕೊರಳಲ್ಲಿ ಇನ್ನೂ ಜರಿ ಕಾಗದದ ಸರ ಜೋತಾಡುತ್ತಿತ್ತು. ಕೆಳಗಿನ ಕೊಂಬೆಗಳು ಕಂದಾಗಿದ್ದವು, ಕುಂಡದ ಮಣ್ಣು ಒಣಗಿ ಇಟ್ಟಿಗೆಯಾಗಿತ್ತು. ನರ್ಸರಿಯವರು ಅರ್ಧ ಬೆಲೆ ಎಂದರು. ನಾನು ಬ್ಯಾಂಕಿನವನು, ಆದರೂ ಅರ್ಧ ಬೆಲೆ ಎಂದ ಕೂಡಲೇ ಬುದ್ಧಿ ಕೈಕೊಡುತ್ತದೆ. ಮೂರನ್ನೂ ಆಟೋಗೆ ತುರುಕಿ ತ್ರಿಪ್ಪುಣಿತ್ತುರದ ಬಾಡಿಗೆ ಮನೆಗೆ ಹೊರಟೆ. ಮುಂದಿನ ಕ್ರಿಸ್‌ಮಸ್‌ಗೆ ಈಗಲೇ ತಯಾರಿಯೇ ಎಂದು ಆಟೋದವನು ದಾರಿಯುದ್ದಕ್ಕೂ ಕಾಲೆಳೆದ. ನಮ್ಮ ಮನೆಯಲ್ಲಿ ಆ ಹಬ್ಬ ಯಾರು ಮಾಡುತ್ತಾರೆ ಎಂದು ಹೆಂಡತಿ ಬಾಗಿಲಲ್ಲೇ ಕೇಳಿದಳು. ಇವು ವರ್ಷವಿಡೀ ಹಸಿರಾಗಿರುವ ಮರಗಳು ಎಂದೆ. ಅವಳು ಕಂದು ಕೊಂಬೆಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು.

ನಿಜವಾದ ಕಾರಣ ಮಗಳು. ನಾವು ಬಾಗಲಕೋಟೆ ಕಡೆಯವರು. ಬ್ಯಾಂಕು ನಮ್ಮನ್ನು ಐದು ವರ್ಷ ತಿರುವನಂತಪುರದಲ್ಲಿಟ್ಟು ಆಮೇಲೆ ಕೊಚ್ಚಿಗೆ ಎತ್ತಿಹಾಕಿತ್ತು. ಅಲ್ಲಿಯ ಮನೆಯಂಗಳದಲ್ಲಿ ಮಗಳು ಒಂದು ಚಾಂಬಕ್ಕದ ಗಿಡ ನೆಟ್ಟಿದ್ದಳು. ಕಚ್ಚಿದರೆ ಬರೀ ನೀರೇ ಸಿಗುವ ಆ ಗುಲಾಬಿ ಬಣ್ಣದ ಹಣ್ಣಿನದು. ಗಿಡ ಅವಳ ಭುಜದೆತ್ತರ ಬಂದಾಗ ವರ್ಗದ ಆದೇಶ ಬಂತು. ರೈಲಿನಲ್ಲಿ ಕೊಲ್ಲಂವರೆಗೂ ಅತ್ತಳು. ಹೊಸದಾಗಿ ಬಂದವರು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಸಮಾಧಾನ ಮಾಡಿದೆ.

ಆರು ತಿಂಗಳಾದ ಮೇಲೆ ಕಚೇರಿ ಕೆಲಸಕ್ಕೆ ತಿರುವನಂತಪುರಕ್ಕೆ ಹೋದಾಗ ಆ ಬೀದಿಯಲ್ಲಿ ಹಾದುಬಂದೆ. ಗಿಡವಿದ್ದ ಜಾಗಕ್ಕೆ ಸಿಮೆಂಟ್ ಹಾಕಿ ಹೊಚ್ಚ ಹೊಸ ಬಿಳಿ ಕಾರು ನಿಲ್ಲಿಸಿದ್ದರು. ಅದರ ನಾಲ್ಕೂ ಚಕ್ರಗಳ ಗಾಳಿ ಬಿಡಬೇಕು ಅನ್ನಿಸಿತು. ಧೈರ್ಯ ಬರಲಿಲ್ಲ. ಮನೆಗೆ ಬಂದು ಮಗಳಿಗೆ, ಗಿಡ ಭಾರೀ ಚೆನ್ನಾಗಿದೆ, ನನ್ನೆತ್ತರ ಬಂದಿದೆ ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಗಾಬರಿಯಾಯಿತು. ಅವಳು ಹೂಂ ಎಂದಳು, ಅಷ್ಟೇ. ಆಮೇಲೆ ಯಾವ ಗಿಡವನ್ನೂ ಮುಟ್ಟಲಿಲ್ಲ. ನಾನೂ ಒಂದು ನಿಯಮ ಮಾಡಿಕೊಂಡೆ: ಇನ್ನು ಮೇಲೆ ನೆಲದಲ್ಲಿ ಏನೂ ನೆಡುವುದಿಲ್ಲ, ಎಲ್ಲವೂ ಕುಂಡದಲ್ಲಿ, ಲಾರಿ ಹತ್ತುವಂತಿರಬೇಕು. ಎಲೆ ಉದುರಿಸದ ಮರ ಕುಂಡದಲ್ಲಿದ್ದರೆ ಮಗಳು ಮತ್ತೆ ಗಿಡದ ಕಡೆ ತಿರುಗಬಹುದು, ಅಳುವ ಪ್ರಸಂಗವೂ ಬರಲಾರದು ಎಂಬುದು ನನ್ನ ಘನವಾದ ಆಲೋಚನೆ.

ಮರಗಳನ್ನು ದೊಡ್ಡ ಕುಂಡಗಳಿಗೆ ಹಾಕಿ ಉಪಚಾರ ಶುರುಮಾಡಿದೆ. ಎಂಟು ದಿನಕ್ಕೊಮ್ಮೆ ನಲ್ಲಿ ಬರುವ ಊರಲ್ಲಿ ಬೆಳೆದವನು ನಾನು. ನಮ್ಮಲ್ಲಿ ಪ್ರೀತಿ ಎಂದರೆ ನೀರು. ಬೆಳಿಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್ ಹೊಯ್ದೆ. ತಿಂಗಳೊಳಗೆ ಒಂದು ಮರ ಬುಡದಿಂದ ತುದಿಯವರೆಗೆ ಕಂದಾಗಿ ಸತ್ತಿತು. ಬಿಸಿಲು ಜಾಸ್ತಿ ಎಂದುಕೊಂಡು ಉಳಿದೆರಡಕ್ಕೆ ಇನ್ನೊಂದೊಂದು ಬಕೆಟ್ ಸೇರಿಸಿದೆ.

ಮಹಡಿಯ ಮೇಲಿರುವ ನಮ್ಮ ಮನೆಯೊಡತಿ ನಿವೃತ್ತ ಶಾಲಾ ಶಿಕ್ಷಕಿ. ಎಲ್ಲರಿಗೂ ಅವರು ಟೀಚರ್. ಒಂದು ದಿನ ಕೆಳಗಿಳಿದು ಬಂದು ಮಣ್ಣಿಗೆ ಬೆರಳಿಟ್ಟರು, ಬೆರಳನ್ನು ಮೂಸಿದರು, ಕುಂಡವನ್ನು ಓರೆ ಮಾಡಿ ತಳ ನೋಡಿದರು. ಸಾರೇ, ತೂತು ಎಲ್ಲಿ ಎಂದು ಮಲಯಾಳದಲ್ಲಿ ಕೇಳಿದರು. ಮುಚ್ಚಿದ್ದೇನೆ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ನಮ್ಮಪ್ಪ ಮಾಡುತ್ತಿದ್ದ ಹಾಗೆ, ಒಂದು ಹನಿಯೂ ಪೋಲಾಗದಂತೆ ಸಿಮೆಂಟ್ ಮೆತ್ತಿದ್ದೆ. ಟೀಚರ್ ಕುಂಡವನ್ನು ಮೆಲ್ಲಗೆ ಕೆಳಗಿಟ್ಟರು. ಆಮೇಲೆ, ಎರಡಡಿ ಅಗೆದರೆ ನೀರು ಸಿಗುವ ಈ ಊರಿನಲ್ಲಿ ಮರವನ್ನು ಬಾಯಾರಿಕೆಯಿಂದ ಕಾಪಾಡಲು ಹೊರಟ ಮೊದಲನೆಯವನು ನೀನೇ ಎಂಬರ್ಥದಲ್ಲಿ ಏನೋ ಹೇಳಿದರು. ಪೂರ್ತಿ ಅರ್ಥವಾಗದಿದ್ದುದು ಒಳ್ಳೆಯದೇ ಆಯಿತು. ಒಳಗೆ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಟೀಚರ್ ಹೇಳಿದಂತೆ ಸಿಮೆಂಟ್ ಒಡೆದೆ. ಕೊಳೆತ ಬೇರುಗಳನ್ನು ಕತ್ತರಿಸಿ, ಮರಳು ಬೆರೆಸಿದ ಹೊಸ ಮಣ್ಣು ತುಂಬಿ, ನೆರಳಿಗಿಟ್ಟೆ. ಮಣ್ಣು ಒಣಗುವವರೆಗೆ ನೀರು ಮುಟ್ಟಕೂಡದು ಎಂದು ಅಪ್ಪಣೆಯಾಗಿತ್ತು. ನೀರು ಹಾಕದೆ ಇರುವಷ್ಟು ಕಷ್ಟದ ಕೆಲಸ ನಾನು ಬ್ಯಾಂಕಿನಲ್ಲೂ ಮಾಡಿಲ್ಲ. ಒಣಗಿದ ಕೊಂಬೆಗಳು ಮತ್ತೆ ಚಿಗುರುವುದಿಲ್ಲ, ತುದಿ ಬದುಕಿದ್ದರೆ ಸಾಕು ಎಂದಿದ್ದರು. ಎರಡು ತಿಂಗಳ ನಂತರ ಎರಡು ಮರಗಳ ತುದಿಯಲ್ಲೂ ಎಳೆ ಹಸಿರು ನಕ್ಷತ್ರದಂತೆ ಬಿಚ್ಚಿಕೊಂಡಿತು. ನಾನು ಲುಂಗಿಯಲ್ಲೇ ಮಹಡಿ ಹತ್ತಿ ಟೀಚರನ್ನು ಕರೆತಂದೆ.

ಅವರು ನೋಡಿ, ಮಳೆಗಾಲಕ್ಕೆ ಮುಂಚೆ ಇವನ್ನು ನೆಲಕ್ಕೆ ಹಾಕು, ಅಂಗಳದಲ್ಲಿ ಜಾಗ ಕೊಡುತ್ತೇನೆ, ಕುಂಡದಲ್ಲಿ ಹೆಚ್ಚು ದಿನ ಬಾಳವು ಎಂದರು. ನಾನು ತಲೆಯಾಡಿಸಿದೆನೇ ಹೊರತು ಹಾಕಲಿಲ್ಲ. ಎರಡು ವಾರ ಹಾಗೇ ತಳ್ಳಿದೆ. ಕೊನೆಗೆ ಹೆಂಡತಿ ಕೇಳಿದಳು:

“ಗಿಡಕ್ಕೂ ಟ್ರಾನ್ಸ್‌ಫರ್ ಆರ್ಡರ್ ಬಂದದೇನ್ರೀ? ಅದನ್ನರ ಒಂದು ಕಡೆ ಇರಾಕ ಬಿಡ್ರಿ.”

ಭಾನುವಾರ ಗುಂಡಿ ತೋಡಲು ಕುಳಿತೆ. ಮಗಳು ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಮಲಯಾಳದಲ್ಲಿ ಉತ್ತರಿಸುವುದು ಮನೆಯ ಪದ್ಧತಿ. ಮೊದಲನೆಯ ಮರವನ್ನು ಗುಂಡಿಗಿಳಿಸುವಾಗ ನನ್ನ ಕೈ ನಿಂತಿತು. ಇದನ್ನೂ ಬಿಟ್ಟು ಹೋಗುತ್ತೇವೆ, ಆಮೇಲೆ ಇನ್ನೊಂದು ಸುಳ್ಳು ಹೇಳಬೇಕಾಗುತ್ತದೆ ಅನ್ನಿಸಿತು. ಅವಳ ಕಡೆ ತಿರುಗದೆಯೇ, ತಿರುವನಂತಪುರದ ಚಾಂಬಕ್ಕ ಈಗಿಲ್ಲ, ಕಡಿದುಹಾಕಿದ್ದಾರೆ, ನಾನು ಅಂದು ಸುಳ್ಳು ಹೇಳಿದೆ ಎಂದುಬಿಟ್ಟೆ.

“ಅರಿಯಾಂ,” ಎಂದಳು. ಗೊತ್ತು ಅಂತ.

ಹೇಗೆ ಎಂದು ಕೇಳಿದೆ. ಅಲ್ಲಿಯ ಪಕ್ಕದ ಮನೆಯ ಗೆಳತಿ ಕಡಿದ ದಿನವೇ ಫೋಟೋ ಕಳಿಸಿದ್ದಳಂತೆ. ನಾನು ಕಚೇರಿ ಕೆಲಸಕ್ಕೆಂದು ಹೋಗುವುದಕ್ಕೂ ಮೊದಲೇ. ಅಷ್ಟು ಹೇಳಿ ಮೆಟ್ಟಿಲಿಳಿದು ಬಂದಳು, ಮತ್ತು ಮುಂದಿನದನ್ನು ಕನ್ನಡದಲ್ಲಿ ಹೇಳಿದಳು.

“ನೀ ಅಷ್ಟು ಖುಷಿಲೆ ಹೇಳಾಕತ್ತಿದ್ದಿ. ನಿನಗ ಬ್ಯಾಸರ ಆಗ್ತದಂತ ನಾ ಸುಮ್ಮನಿದ್ದೆ, ಅಪ್ಪಾ.”

ಅವಳು ಮಂಡಿಯೂರಿ ಎರಡೂ ಕೈಗಳಿಂದ ಬುಡಕ್ಕೆ ಮಣ್ಣು ಎಳೆದು ಒತ್ತಿದಳು. ಕಣ್ಣು ಒರೆಸಿಕೊಂಡು, ಏನಾದರೂ ಮಾಡಬೇಕಲ್ಲ ಎಂದು ನಾನು ಬಕೆಟ್‌ಗೆ ಕೈ ಹಾಕಿದೆ. ಅವಳು ಅದನ್ನು ನನ್ನ ಕೈಯಿಂದ ಕಿತ್ತುಕೊಂಡಳು.

“ಇದಕ್ಕ ನೀರು ನಾ ಹಾಕ್ತೀನಿ. ನೀ ಮುಟ್ಟಬ್ಯಾಡ.”