ಹಾಜರಿ ಕೂಗಿನಲ್ಲಿ ಹೆದರಿಕೆ ಹುಡುಕುತ್ತಿದ್ದ ಮೇಡಂ

ಸರ್ವಮಂಗಳಾ ಮೇಡಂ ಹಾಜರಿ ಹಾಕುವಾಗ ತಲೆ ಎತ್ತುತ್ತಲೇ ಇರಲಿಲ್ಲ. ಕಣ್ಣು ಹಾಜರಿ ಪುಸ್ತಕದ ಮೇಲೆ, ಕಿವಿ ಮಾತ್ರ ನಮ್ಮ ಮೇಲೆ. ಕೊನೆಯ ಹೆಸರು ಮುಗಿದ ಮೇಲೆ ಪೆನ್ನಿಗೆ ಮುಚ್ಚಳ ಹಾಕಿ, ಯಾರು ಎಲ್ಲರಿಗಿಂತ ಮೆಲ್ಲಗೆ ‘ಪ್ರೆಸೆಂಟ್’ ಅಂದಿದ್ದರೋ ಅವರನ್ನೇ ಕರೆಯುತ್ತಿದ್ದರು. ಕರೆಸಿಕೊಂಡವರು ಮುಂದೆ ಹೋಗಿ ಅಂದಿನ ಪಾಠ ಗಟ್ಟಿಯಾಗಿ ಓದಬೇಕು, ಆಮೇಲೆ ಮೇಡಂ ಕೇಳುವ ಒಂದು ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರ ಹೇಳಬೇಕು. ಈ ಗುಟ್ಟು ಗೊತ್ತಾದ ಮೇಲೆ ಇಡೀ ಕ್ಲಾಸು ಮಿಲಿಟರಿಯವರ ಹಾಗೆ ‘ಪ್ರೆಸೆಂಟ್ ಮೇಡಂ’ ಎಂದು ಅರಚಲು ಶುರುಮಾಡಿತು. ಪಕ್ಕದ ಕ್ಲಾಸಿನ ಎಕನಾಮಿಕ್ಸ್ ಸರ್ ಒಂದು ಸಲ ಬಾಗಿಲಿಗೆ ಬಂದು ಇಣುಕಿಯೂ ಹೋದರು. ನಾನೂ ಅರಚಬೇಕೆಂದೇ ಬಾಯಿ ತೆರೆಯುತ್ತಿದ್ದೆ. ಹೊರಗೆ ಬರುತ್ತಿದ್ದದ್ದು ಹಲ್ಲಿ ಲೊಚಗುಟ್ಟಿದಷ್ಟು ಸದ್ದು. ಹೀಗಾಗಿ ವಾರದಲ್ಲಿ ಹೆಚ್ಚು ದಿನ ಮುಂದೆ ನಿಂತು ಬೆವರುತ್ತಿದ್ದವಳು ನಾನೇ.

ನಾನು ಕುಣಿಗಲ್ ಕಡೆಯವಳು, ಓದಿದ್ದೆಲ್ಲ ಕನ್ನಡ ಮೀಡಿಯಂ. ಅಪ್ಪ ತೆಂಗಿನಕಾಯಿ ಲೋಡಿನ ಲಾರಿ ಓಡಿಸುತ್ತಾರೆ. ಬಿ.ಎ.ಗೆ ಐಚ್ಛಿಕ ಇಂಗ್ಲಿಷ್ ತಗೊಂಡರೆ ಮಾತಾಡುವುದಾದರೂ ಬರುತ್ತದೆ ಎಂದು ಅವರು ಹೇಳಿದ್ದಕ್ಕೆ ತುಮಕೂರಿನ ಕಾಲೇಜಿಗೆ ಸೇರಿದ್ದೆ. ಅಲ್ಲಿ ಮಾತಾಡುವುದನ್ನು ಯಾರೂ ಕಲಿಸುವುದಿಲ್ಲ, ಮಾತು ಬರುವವರಿಗೆ ಸಾಹಿತ್ಯ ಕಲಿಸುತ್ತಾರೆ ಎನ್ನುವುದು ಫೀಸು ಕಟ್ಟಿದ ಮೇಲೆ ತಿಳಿಯಿತು. ಬೆಳಗಿನ ಬಸ್ಸು ಹೆಬ್ಬೂರು ದಾಟಿತೆಂದರೆ ನನ್ನ ಅಂಗೈ ತಣ್ಣಗಾಗುತ್ತಿತ್ತು. ಇವತ್ತು ಬಸ್ಸು ಕೆಟ್ಟು ನಿಲ್ಲಲಿ ಎಂದು ದೇವರಿಗೆ ಹೇಳಿಕೊಂಡ ದಿನಗಳೂ ಇವೆ. ದೇವರು ಒಂದು ದಿನವೂ ಕೇಳಿಸಿಕೊಳ್ಳಲಿಲ್ಲ.

ಕೊನೆಗೆ ಇಂಗ್ಲಿಷ್ ಬಿಟ್ಟು ಹಿಸ್ಟರಿ ತಗೊಳ್ಳುವುದೆಂದು ತೀರ್ಮಾನಿಸಿದೆ. ಅದಕ್ಕೆ ಮೇಡಂ ರುಜು ಬೇಕಿತ್ತು. ನಾನು ಹೋದಾಗ ಅವರು ಸ್ಟಾಫ್ ರೂಮಿನ ಮೂಲೆಯಲ್ಲಿ ಒಬ್ಬರೇ ಕೂತು ಮೊಸರನ್ನ ತಿನ್ನುತ್ತಿದ್ದರು. ಕುಳ್ಳಗಿನ ಆಳು, ಪಿನ್ನು ಹಾಕಿ ಬಿಗಿಮಾಡಿದ ಕಾಟನ್ ಸೀರೆ, ದವಡೆಯಲ್ಲಿ ಸದಾ ಒಂದು ಲವಂಗ. ಕ್ಲಾಸಿನಲ್ಲಿ ಅಳೆದು ತೂಗಿ ಇಂಗ್ಲಿಷ್ ಮಾತಾಡುವ ಅವರು ಹೊಸ್ತಿಲು ದಾಟಿದರೆ ಮಾತಿನಲ್ಲಿ ಅಪ್ಪಟ ನಮ್ಮ ಕಡೆಯ ಹುಲಿಯೂರುದುರ್ಗದವರು. ನಾನು ಬಂದ ಕೆಲಸ ಹೇಳಿದೆ. ಅವರು ಬೈಯಲಿಲ್ಲ.

“ಬದ್ಲಾಯಿಸ್ಕೊ, ಬ್ಯಾಡ ಅನ್ನಕಿಲ್ಲ. ಒಂದ್ ಸೆಮಿನಾರ್ ಕೊಟ್ಬುಟ್ಟು ಹೋಗು,” ಎಂದರು.

ಸೆಮಿನಾರಿಗೆ ಕೊಟ್ಟಿದ್ದು ಪಠ್ಯದಲ್ಲಿದ್ದ ಒಂದು ಸಣ್ಣ ಕತೆ. ಅದರಲ್ಲಿ ಒಂಟಿಯಾಗಿರುವ ಒಬ್ಬ ಹೆಂಗಸು ದಿನಾ ಸಂಜೆ ಕಿಟಕಿಯ ಹತ್ತಿರ ಎರಡು ಕಪ್ ಟೀ ಇಡುತ್ತಾಳೆ, ಒಂದನ್ನು ಮಾತ್ರ ಕುಡಿಯುತ್ತಾಳೆ. ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಗೈಡು ತಂದು, ಬಸ್ಸಿನಲ್ಲೂ ಹಿತ್ತಲಿನಲ್ಲೂ ಗಿಳಿಪಾಠ ಒಪ್ಪಿಸಿ, ಒಂದಕ್ಷರ ಬಿಡದೆ ಬಾಯಿಪಾಠ ಮಾಡಿದೆ. ಸೆಮಿನಾರಿನ ದಿನ ಗೋಡೆಯ ಮೇಲಿನ ಫ್ಯಾನಿನ ಸ್ವಿಚ್ಚು ನೋಡುತ್ತಾ ಒಂದೇ ಉಸಿರಿಗೆ ಹೇಳುತ್ತಾ ಹೋದೆ. ಎರಡು ಕಪ್ಪು ಒಂಟಿತನದ ಸಂಕೇತ ಎಂದೆ. ಅದೇ ಓಟದಲ್ಲಿ ‘ಆ್ಯಸ್ ವಿ ಹ್ಯಾವ್ ಸೀನ್ ಇನ್ ದಿ ಪ್ರೀವಿಯಸ್ ಆನ್ಸರ್’ ಎಂದೂ ಹೇಳಿಬಿಟ್ಟೆ. ಗೈಡಿನಲ್ಲಿ ಹಾಗೇ ಇತ್ತು. ಕ್ಲಾಸಿನಲ್ಲಿ ಒಬ್ಬರೂ ನಗಲಿಲ್ಲ, ಯಾಕೆಂದರೆ ಎಲ್ಲರೂ ಉರು ಹೊಡೆದಿದ್ದು ಅದೇ ಗೈಡು. ಮೇಡಂ ಮಾತ್ರ, ಯಾವ ಪ್ರೀವಿಯಸ್ ಆನ್ಸರ್ ಎಂದು ಮೆಲ್ಲಗೆ ಕೇಳಿದರು. ನಾನು ಅಲ್ಲೇ ಅತ್ತುಬಿಟ್ಟೆ.

ಕ್ಲಾಸು ಬಿಟ್ಟ ಮೇಲೆ ಅವರು ನನ್ನನ್ನು ಲೈಬ್ರರಿಯ ಹೊರಗಿನ ಕಟ್ಟೆಯ ಮೇಲೆ ಕೂರಿಸಿಕೊಂಡರು. ತಮ್ಮ ಬಾಟಲಿಯ ನೀರು ಕೊಟ್ಟರು. ಗೈಡು ಹಾಳಾಗಿ ಹೋಗಲಿ, ಆಯಮ್ಮ ಎರಡು ಕಪ್ಪು ಯಾಕೆ ಇಟ್ಟಳು ಅಂತ ಕನ್ನಡದಲ್ಲಿ ಹೇಳು ಎಂದರು. ನಾನು ಮೂಗು ಒರೆಸಿಕೊಳ್ಳುತ್ತಾ ಯೋಚನೆಯನ್ನೂ ಮಾಡದೆ ಹೇಳಿದೆ.

“ಭಯಕ್ಕೆ ಮೇಡಂ. ಒಬ್ಳೇ ಇದಾಳೆ ಅಂತ ಹೊರಗಿನೋರಿಗೆ ಗೊತ್ತಾಗ್ಬಾರ್ದಲ್ಲ. ಅಪ್ಪ ಲಾರಿ ತಗೊಂಡು ಹೋದಾಗ ನಮ್ಮಮ್ಮ ಅವ್ರ ಹಳೇ ಚಪ್ಲಿನ ಬಾಗ್ಲಲ್ಲಿ ಬಿಟ್ಟಿರ್ತಾಳೆ. ಮನೇಲಿ ಗಂಡಸರು ಇದಾರೆ ಅನ್ಕೊಳ್ಲಿ ಅಂತ.”

ಮೇಡಂ ಹೇಳಿದರು: “ಇದು ಯಾವ ಗೈಡಲ್ಲೂ ಇಲ್ಲ ಕಣೇ. ನಂಗೂ ಹೊಳೆದಿರ್ಲಿಲ್ಲ. ನಾಳೆ ಇದ್ನೇ ಇಂಗ್ಲಿಷಲ್ಲಿ ಹೇಳು. ತಪ್ಪಾದ್ರೆ ಆಗ್ಲಿ ಬುಡು.”

ಮರುದಿನ ಹೇಳಿದೆ. ‘ಷಿ ಈಸ್ ನಾಟ್ ಲೋನ್ಲಿ. ಷಿ ಈಸ್ ಫಿಯರ್’ ಎಂದು ಶುರುಮಾಡಿ, ಅಮ್ಮನನ್ನೂ ಚಪ್ಪಲಿಯನ್ನೂ ಹೇಗೋ ಇಂಗ್ಲಿಷಿಗೆ ಎಳೆದು ತಂದೆ. ಮೇಡಂ ತಿದ್ದಲಿಲ್ಲ. ಹಿಸ್ಟರಿಯ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಅಲ್ಲಿಯವರೆಗೆ ಇಂಗ್ಲಿಷ್ ಸಾಹಿತ್ಯವೆಂದರೆ ಯಾರದೋ ದೊಡ್ಡ ಮನೆ, ಒಳಗೆ ಕಾಲಿಟ್ಟರೆ ಬೈದು ಕಳಿಸುತ್ತಾರೆ ಎಂದುಕೊಂಡಿದ್ದೆ. ಆ ಮನೆಯ ಹೆಂಗಸೂ ನಮ್ಮಮ್ಮನ ಹಾಗೆ ರಾತ್ರಿ ನಿದ್ದೆಗೆಡುತ್ತಾಳೆ ಎಂದು ತಿಳಿದ ಮೇಲೆ ಓದುವುದು ಬೇರೆಯೇ ಆಯಿತು. ನಾನು ಬೆಳೆದೆ ಎಂದು ಹೇಳಿಕೊಳ್ಳುವುದಾದರೆ ಇಷ್ಟೇ. ಹೆದರಿಕೆ ಹೋಯಿತು ಎಂದರೆ ಸುಳ್ಳಾಗುತ್ತದೆ. ಅದು ಇದ್ದಾಗಲೂ ಬಾಯಿ ತೆರೆಯಬಹುದು ಎಂದು ಗೊತ್ತಾಯಿತು.

ಎರಡನೇ ವರ್ಷ ಹೊರಗಿನಿಂದ ದೊಡ್ಡವರು ಕಾಲೇಜಿನ ತಪಾಸಣೆಗೆ ಬಂದು ನಮ್ಮ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತರು. ಮೇಡಂ ಪಾಠ ಶುರುಮಾಡಿ, ಒಮ್ಮೆ ತಲೆ ಎತ್ತಿ ಅವರ ಕಡೆ ನೋಡಿದರು. ಮಾತು ಅಲ್ಲಿಗೇ ನಿಂತಿತು. ಪುಸ್ತಕದ ಹಾಳೆಗಳನ್ನು ಸುಮ್ಮನೆ ಹಿಂದೆ ಮುಂದೆ ತಿರುವಿದರು. ಬಂದವರಲ್ಲಿ ಒಬ್ಬರು ಏನನ್ನೋ ಬರೆದುಕೊಂಡರು. ಮೇಡಂ ಪಡುತ್ತಿದ್ದ ಆ ಸಂಕಟ ನನ್ನದೇ, ಅದನ್ನು ನೋಡುತ್ತಾ ಕೂರಲು ನನ್ನಿಂದ ಆಗಲಿಲ್ಲ. ಎದ್ದು ನಿಂತು ಬಾಯಿಗೆ ಬಂದ ಇಂಗ್ಲಿಷಿನಲ್ಲಿ ಪಾಠದ ಬಗ್ಗೆ ಒಂದು ಪ್ರಶ್ನೆ ಕೇಳಿದೆ. ಅದರಲ್ಲಿ ಎಷ್ಟು ತಪ್ಪಿತ್ತೋ ದೇವರೇ ಬಲ್ಲ. ಮೇಡಂ ನನ್ನೊಬ್ಬಳನ್ನೇ ನೋಡುತ್ತಾ ಉತ್ತರ ಹೇಳತೊಡಗಿದರು, ಹೇಳುತ್ತಾ ಹೇಳುತ್ತಾ ದನಿ ವಾಪಸು ಬಂತು.

ಅವತ್ತು ಮಧ್ಯಾಹ್ನ ಅದೇ ಕಟ್ಟೆಯ ಮೇಲೆ ಕೂತು ಅವರಾಗಿಯೇ ಹೇಳಿದರು. ಎಂ.ಎ. ವೈವಾದಲ್ಲಿ ಅವರ ಇಂಗ್ಲಿಷ್ ಕೇಳಿ ಎದುರಿದ್ದ ಪರೀಕ್ಷಕರು ನಕ್ಕಿದ್ದರಂತೆ. ಅಂದಿನಿಂದ ಇಂಗ್ಲಿಷ್ ಮಾತಾಡುವಾಗ ಎದುರಿಗಿದ್ದವರ ಮುಖ ನೋಡಿದರೆ ನಾಲಿಗೆ ಹೊರಳುವುದಿಲ್ಲವಂತೆ.

“ಮೆಲ್ಲಗೆ ಅಂದೋರ್ನೇ ಯಾಕ್ ಕರೀತೀನಿ ಗೊತ್ತಾ? ನಾನೂ ಮೆಲ್ಲಗೆ ಅಂತಿದ್ದೋಳು ಕಣೇ. ನನ್ನ ಯಾರೂ ಕರೀಲೇ ಇಲ್ಲ.”

ಅವರು ಅತಿಥಿ ಉಪನ್ಯಾಸಕಿ. ವರ್ಷ ವರ್ಷವೂ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುವ ಕೆಲಸ. ನಾವು ಮೂರನೇ ವರ್ಷಕ್ಕೆ ಬಂದಾಗ ಅವರನ್ನು ಕರೆಯಲಿಲ್ಲ. ಹೊಸಬರು ಬಂದರು, ಹಾಜರಿ ಹಾಕಿ ಪಾಠ ಮಾಡಿ ಹೋಗುತ್ತಾರೆ. ಯಾರು ಹೇಗೆ ‘ಪ್ರೆಸೆಂಟ್’ ಅಂದರೂ ಅವರಿಗೆ ಒಂದೇ.

ಕೆಲವು ತಿಂಗಳ ಹಿಂದೆ ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಮೇಡಂ ಸಿಕ್ಕಿದರು. ಸೊರಗಿದ್ದರು. ಗುಬ್ಬಿ ಹತ್ತಿರದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಮಾರನೆಯ ದಿನ ಕೆಲಸಕ್ಕೆಂದು ಡೆಮೊ ಕ್ಲಾಸು ಕೊಡಬೇಕಿತ್ತು. ಹಿಂದೆ ಮ್ಯಾನೇಜ್‌ಮೆಂಟಿನವರೆಲ್ಲ ಕೂತಿರುತ್ತಾರಂತೆ. ಹೋಗುವುದು ಬೇಡ ಅನ್ನಿಸುತ್ತಿದೆ ಎಂದರು. ನಾನೂ ಬರುತ್ತೇನೆ ಎಂದೆ. ಬೆಳಿಗ್ಗೆ ಇಬ್ಬರೂ ಗುಬ್ಬಿ ಬಸ್ಸಿನಲ್ಲಿ ಅಕ್ಕಪಕ್ಕ ಕೂತೆವು. ಅವರ ಕೈ ಹಿಡಿದುಕೊಂಡೆ, ಅದು ನನ್ನ ಕೈಗಿಂತ ತಣ್ಣಗಿತ್ತು. ಶಾಲೆಯ ಗೇಟಿನ ಹತ್ತಿರ, “ನೀನಿದ್ರೆ ಇನ್ನೂ ಭಯ ಆಯ್ತದೆ, ಹೋಗು ಮಗಾ,” ಎಂದು ನನ್ನನ್ನು ಕಳಿಸಿ ಒಳಗೆ ಹೋದರು. ನಾನು ಕಾಂಪೌಂಡಿನ ಪಕ್ಕದಲ್ಲೇ ನಿಂತು ಕಿವಿಗೊಟ್ಟೆ. ಲೆಕ್ಕದ ಮಗ್ಗಿ ಕೇಳಿಸಿತು, ಯಾವುದೋ ಮಗು ಅತ್ತಿದ್ದು ಕೇಳಿಸಿತು. ಮೇಡಂ ದನಿ ಕೇಳಿಸಲಿಲ್ಲ. ವಾಚ್‌ಮನ್ ಎರಡು ಸಲ ಯಾರು ಬೇಕು ಎಂದು ವಿಚಾರಿಸಿದ. ನನಗೆ ಕಾಲೇಜಿನಲ್ಲಿ ಇಂಟರ್ನಲ್ ಟೆಸ್ಟಿತ್ತು, ಹೊರಟೆ. ಅಲ್ಲಿಂದ ತುಮಕೂರಿನವರೆಗೆ ಅವರು ಬಾಯಿಕಟ್ಟಿ ನಿಂತಿರುವುದೇ ಕಣ್ಣಮುಂದೆ.

ಸಂಜೆ ಫೋನು ಬಂತು. “ತಗೊಳ್ಳಕಿಲ್ವಂತೆ ಕಣೇ, ವಯಸ್ಸಾಯ್ತಂತೆ,” ಎಂದರು. ಹಾಗೆಂದವರೇ, “ಆದ್ರೆ ಮಾತಾಡ್ದೆ. ಪೂರ್ತಿ ಪೀರಿಯಡ್ ಮಾತಾಡ್ದೆ,” ಎಂದು ನಕ್ಕರು. ಕೆಲಸ ಸಿಗದ ಸುದ್ದಿಯನ್ನು ಅಷ್ಟು ಸಂತೋಷದಿಂದ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಅದಾದ ಮೇಲೆ ಅವರಿಂದ ಫೋನಿಲ್ಲ. ನಾನು ಮಾಡಿದರೆ ಸ್ವಿಚ್ ಆಫ್ ಎನ್ನುತ್ತದೆ. ಅವರಿದ್ದ ಬಾಡಿಗೆ ಮನೆ ಖಾಲಿ, ಎಲ್ಲಿಗೆ ಹೋದರೆಂದು ಅಕ್ಕಪಕ್ಕದವರಿಗೂ ಗೊತ್ತಿಲ್ಲ. ನನ್ನ ಹೆದರಿಕೆಗಳನ್ನೆಲ್ಲ ಹೇಳಿಕೊಳ್ಳುತ್ತಿದ್ದದ್ದು ಅವರ ಹತ್ತಿರ. ಅವರಿಗೇ ಏನಾಯಿತೋ ಎನ್ನುವ ಈ ಹೆದರಿಕೆಯನ್ನು ಯಾರ ಹತ್ತಿರ ಹೇಳಲಿ?